ಮುಪ್ಪಿನ ನೆನಪು

ಮುಳಬಾಗಿಲು ತಾಲ್ಲೂಕಿನ ತಾಯಲೂರಿನ ಕಡೆಯ ವೃದ್ಧರನ್ನು ಮಾತನಾಡಿಸಿ ನೋಡಿರಿ. ನಿನ್ನೆ ಉಂಡದ್ದನ್ನು ಮರೆತವರೂ ಬಾಲ್ಯದಲ್ಲಿ ಕೆರೆ ಕೋಡಿ ಹರಿದ ದಿನವನ್ನು ಕಣ್ಣಿಗೆ ಕಟ್ಟುವಂತೆ ಬಣ್ಣಿಸಬಲ್ಲರು.

ಇದಕ್ಕೆ ಕಾರಣವುಂಟು. ಹೊಸ ಅನುಭವವನ್ನು ಹಿಡಿದಿಡುವ, ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗವು ವಯಸ್ಸಾದಂತೆ ಕುಗ್ಗುತ್ತದೆ. 10ರಿಂದ 30 ವಯಸ್ಸಿನೊಳಗಿನ ಅನುಭವಗಳಾದರೋ ಬಹುಮಟ್ಟಿಗೆ ಮೊದಲ ಬಾರಿಗೆ ಒದಗಿದವು, ಪದೇ ಪದೇ ಹೇಳಿಕೊಂಡವು. ಆದುದರಿಂದ ಆಳವಾಗಿ ಬೇರೂರಿರುತ್ತವೆ. ಸ್ಮರಿಸಿದಷ್ಟೂ ನೆನಪು ಗಟ್ಟಿಯಾಗುವುದು. ಕೊಂಚ ಮಾರ್ಪಡುವುದೂ ಉಂಟು.

1887ರಲ್ಲಿ ಮುಳಬಾಗಿಲಿನಲ್ಲಿಯೇ ಜನಿಸಿದ ಶ್ರೀ ಡಿ. ವಿ. ಗುಂಡಪ್ಪನವರು ತಮ್ಮ ಮುಪ್ಪಿನಲ್ಲಿ ತಾವು ಕಂಡ ಹಿರಿಯರನ್ನು ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ಉಳಿಸಿಕೊಟ್ಟರು. ಎಲ್ಲರೂ ಬರೆಯಲಾರರು, ಹೇಳಬಲ್ಲರು. ಮನೆಯ ಅಜ್ಜಿ ಹಳೆಯ ಕಥೆಯನ್ನೇ ಮತ್ತೆ ತೆಗೆದರೆ “ಹೇಳಿಯಾಯಿತಲ್ಲ ಅಜ್ಜಿ” ಎನ್ನದಿರೋಣ, “ಆಮೇಲೇನಾಯಿತು?” ಎಂದು ಕೇಳೋಣ. ಆ ಪ್ರಶ್ನೆಯೇ ಅವರ ನೆನಪಿಗೆ ಊರುಗೋಲು.