ಹುಣ್ಣಿಮೆಯ ರಾತ್ರಿ ಮರಳಿನ ಮೇಲೆ



ಚಳಿಗಾಲ ಬಂತೆಂದರೆ ಠಾಣೆ, ಡೊಂಬಿವಲಿ ಕಡೆಯ ಹುಡುಗರದ್ದು ಒಂದೇ ಪ್ರಶ್ನೆ: "ಅಲಿಬಾಗ್ ಆಚೆ ಜನರಿಲ್ಲದ ದಂಡೆಯಲ್ಲಿ, ಬಾಡಿಗೆ ಕೊಡದೆ, ಒಂದು ರಾತ್ರಿ ಟೆಂಟ್ ಹಾಕಬಹುದೇ?" ಊರಿನವರನ್ನೂ ಪೊಲೀಸ್ ಠಾಣೆಯನ್ನೂ ಮೊದಲು ಕೇಳಿ, ಬೇಡವೆಂದರೆ ಬೇಡ. ಅವರು ಒಪ್ಪಿದರೂ ತಿಥಿ ಯಾವುದೆಂದು ನೋಡದೆ ಹೊರಡಬೇಡಿ. ನಾನು ಹಾಗೆ ಹೊರಟು ಕೆಟ್ಟವನು.

ನಾವು ನಾಲ್ವರು ಹೋದದ್ದು ಹುಣ್ಣಿಮೆಗೆ. ಬೆಳದಿಂಗಳು ಬೇಕಿತ್ತಲ್ಲ! ಸೂರ್ಯ ಮುಳುಗುವಾಗ ನೀರು ಎಲ್ಲೋ ದೂರದಲ್ಲಿತ್ತು, ಒಣ ಮರಳು ಅಂಗಳದಂತೆ ಹರಡಿತ್ತು. ಎತ್ತಿನಗಾಡಿಯ ಅಜ್ಜ ಒಬ್ಬರು ಗಾಳಿಮರಗಳ ಕಡೆ ಕೈ ತೋರಿಸಿ, ಅಲ್ಲಿಗೆ ಹೋಗಿ ಮಲಗಿ ಎಂದರು. ನಾನು ಕುಮಟೆಯವ, ನನಗೆ ಕಡಲು ಹೊಸದೇ? ಹತ್ತು ಹೆಜ್ಜೆ ಹಿಂದಕ್ಕೆ ಸರಿದು, ಸಾಕು ಎಂದೆ.

ಹನ್ನೆರಡರ ಹೊತ್ತಿಗೆ ಬೆನ್ನಡಿಯಲ್ಲಿ ತಣ್ಣಗಾಯಿತು. ಎದ್ದು ನೋಡಿದರೆ ಚಪ್ಪಲಿಗಳು ತೇಲುತ್ತಿದ್ದವು. ಒಬ್ಬನಿಗೆ ಗಾಢ ನಿದ್ದೆ, ಗುಡಾರದ ಜಿಪ್ಪು ಸಿಕ್ಕಿಕೊಂಡಿತ್ತು. ಎರಡನೆಯ ಅಲೆ ಬಂದಾಗ ಅವನು ಒಳಗೇ ಇದ್ದ. ಬಟ್ಟೆ ಹರಿದು ಎಳೆದುಕೊಂಡೆವು. ಆ ಅರ್ಧ ನಿಮಿಷದ ಮಾತು ಇಂದಿಗೂ ನಾವು ಆಡುವುದಿಲ್ಲ.

ನನ್ನ ಲೆಕ್ಕ ತಪ್ಪಿದ್ದು ಹೀಗೆ. ಕಾರವಾರ, ಕುಮಟೆಯಲ್ಲಿ ದೊಡ್ಡ ಉಬ್ಬರಕ್ಕೂ ಇಳಿತಕ್ಕೂ ಅಂತರ ಸುಮಾರು 2 ಮೀಟರು. ಉತ್ತರಕ್ಕೆ ಬಂದಂತೆ ಅದು ಹೆಚ್ಚುತ್ತದೆ. ಮುಂಬಯಿಯ ಆಸುಪಾಸಿನಲ್ಲಿ ಹುಣ್ಣಿಮೆ, ಅಮಾವಾಸ್ಯೆಗೆ 4 ಮೀಟರಿನಷ್ಟು. ದಂಡೆ ಸಪಾಟಾಗಿದ್ದರೆ ಅಷ್ಟು ನೀರು ನೂರಾರು ಹೆಜ್ಜೆ ಒಳಗೆ ನುಗ್ಗುತ್ತದೆ. ಅಲಿಬಾಗಿನ ಕೊಲಾಬಾ ಕೋಟೆಗೆ ಇಳಿತದಲ್ಲಿ ನಡೆದೇ ಹೋಗಿ, ಉಬ್ಬರದಲ್ಲಿ ದೋಣಿ ಹುಡುಕಿದವರಿಗೆ ಇದು ಗೊತ್ತು. ಅದರ ಮೇಲೆ, ಇಲ್ಲಿ ಹುಣ್ಣಿಮೆಯ ದಿನ ನೀರು ತುಂಬುವುದು ಮಧ್ಯಾಹ್ನ ಮತ್ತು ನಡುರಾತ್ರಿಯ ಸುಮಾರಿಗೆ. ಸಂಜೆ ಆರಕ್ಕೆ ಪೂರ್ತಿ ಇಳಿತ. ನಾವು ಅಂಗಳ ಎಂದುಕೊಂಡದ್ದು ಸಮುದ್ರದ ತಳವನ್ನೇ!

ಇಲ್ಲಿನ ಹಳೆಯ ಲೆಕ್ಕವೊಂದಿದೆ: ತಿಥಿಯನ್ನು ಮುಕ್ಕಾಲಿನಿಂದ ಗುಣಿಸಿದರೆ ಉಬ್ಬರದ ಗಂಟೆ ಸರಿಸುಮಾರು ಸಿಗುತ್ತದೆ. ಅಷ್ಟಮಿಗೆ ಎಂಟು ಮುಕ್ಕಾಲು ಆರು. ಅಂದು ಉಬ್ಬರವೂ ಸಣ್ಣದು. ಸಂಜೆ ಆರಕ್ಕೆ ನೀರು ಎಲ್ಲಿಯತನಕ ಬಂತೆಂದು ಕಣ್ಣಾರೆ ಕಂಡು, ಅದಕ್ಕಿಂತ ಸಾಕಷ್ಟು ಮೇಲೆ ಗುಡಾರ ಹಾಕಬಹುದು. ಹೊರಡುವ ಮೊದಲು ಆ ದಿನದ ಉಬ್ಬರ-ಇಳಿತದ ಪಟ್ಟಿಯನ್ನೂ ನೋಡಿ. ಮಳೆಗಾಲದಲ್ಲಂತೂ ಈ ಯಾವ ಲೆಕ್ಕವೂ ಬೇಡ, ಹೋಗಲೇಬೇಡಿ.

ಮರುವರ್ಷ ಅದೇ ದಂಡೆಗೆ ಅಷ್ಟಮಿಯಂದು ಹೋದೆವು, ಮೂವರೇ. ಅಜ್ಜ ಸಿಕ್ಕರು. ಈ ಸಲ ಅವರು ಏನೂ ಹೇಳುವ ಮೊದಲೇ ನಾವು ಗಾಳಿಮರಗಳ ಕಡೆ ಹೊರಟಿದ್ದೆವು.