ಕೈಗೆ ತಕ್ಕ ಬ್ಯಾಟು
(ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಸಾಫ್ಟ್‌ಬಾಲ್ ಆಟದ ಬ್ಯಾಟನ್ನು ಆರಿಸಿಕೊಳ್ಳುವ ಬಗೆಯನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಇಷ್ಟು ಸಣ್ಣ ವಿಷಯಕ್ಕೆ ಭಾಷಣವೇಕೆ ಎಂದು ಕೆಲವರಿಗೆ ತೋರಬಹುದು. ಆದರೆ ಬ್ಯಾಟೊಂದಕ್ಕೆ ಪಾಲಕರು ತೆರುವ ಹಣ ಸಣ್ಣದಲ್ಲ. ತೋಳಿಗೆ ಮೀರಿದ ಭಾರವನ್ನು ದಿನವೂ ಬೀಸಿ ಮಣಿಕಟ್ಟು ನೋಯಿಸಿಕೊಂಡ ಮಗುವಿಗೆ ಆ ನೋವೂ ಸಣ್ಣದಲ್ಲ. "ಹುಡುಗ ಬೆಳೆಯುತ್ತಾನೆ, ದೊಡ್ಡದನ್ನೇ ಕೊಡಿ" ಎಂದು ಅಂಗಡಿಯಲ್ಲಿ ಕೇಳುವ ವಾಡಿಕೆ ನಮ್ಮಲ್ಲಿದೆ. ಅಂಗಿಯ ವಿಷಯದಲ್ಲಿ ಅದು ಸರಿ. ಬ್ಯಾಟಿನ ವಿಷಯದಲ್ಲಿ ಸಲ್ಲದು.

ಈ ಆಟವು ೧೮೮೭ರಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ, ಸೂರಿನಡಿಯಲ್ಲಿ ಆಡುವ ಬೇಸ್‌ಬಾಲ್ ಆಗಿ ಹುಟ್ಟಿತು. ಮೊದಲ ದಿನ ಚೆಂಡಾಗಿದ್ದುದು ಮುಷ್ಟಿಕಾಳಗದ ಒಂದು ಹಳೆಯ ಕೈಗವಸು, ಬ್ಯಾಟಾಗಿದ್ದುದು ಒಂದು ಕೋಲು. ಇಂದು ಅದಕ್ಕೆ ಎರಡು ಮುಖ್ಯ ಕವಲುಗಳಿವೆ. ಒಂದು ವೇಗದ ಎಸೆತದ ಆಟ. ೧೯೯೬ರಲ್ಲಿ ಒಲಿಂಪಿಕ್ ಕ್ರೀಡಾಕೂಟವನ್ನು ಪ್ರವೇಶಿಸಿದುದು ಇದೇ, ನಮ್ಮ ಶಾಲಾ ಪಂದ್ಯಗಳಲ್ಲಿ ನಡೆಯುವುದೂ ಇದೇ. ಇನ್ನೊಂದು ನಿಧಾನ ಎಸೆತದ ಆಟ. ಅಮೆರಿಕದಲ್ಲಿ ದಿನದ ಕೆಲಸ ಮುಗಿಸಿ ಬಂದ ಗಂಡಸರೂ ಹೆಂಗಸರೂ ಸಂಜೆ ಮೈದಾನದಲ್ಲಿ ಕೂಡಿ ಆಡುವಂಥದು. ಬ್ಯಾಟಿನ ಮರ್ಮವನ್ನು ತಿಳಿಯಲು ಈ ಎರಡನೆಯದೇ ಒಳ್ಳೆಯ ಪಾಠಶಾಲೆಯಾದುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ನಿಧಾನ ಎಸೆತದಲ್ಲಿ ಚೆಂಡನ್ನು ಐವತ್ತು ಅಡಿ ದೂರದಿಂದ, ಕಮಾನಿನಂತೆ ಮೇಲೇರಿ ಇಳಿಯುವ ಹಾಗೆ ಎಸೆಯಬೇಕು. ಅದು ಹೊಡೆಯುವವನನ್ನು ಮುಟ್ಟಲು ಒಂದು ಸೆಕೆಂಡಿಗಿಂತ ಹೆಚ್ಚು ಕಾಲ ಹಿಡಿಯುತ್ತದೆ. ಗೋಡೆಗೆ ರಭಸದಿಂದ ಎಸೆದ ಚೆಂಡು ರಭಸದಿಂದಲೇ ಮರಳುತ್ತದೆಯಷ್ಟೆ? ಇಲ್ಲಿ ಚೆಂಡು ಅಂಥ ರಭಸವನ್ನು ತನ್ನೊಡನೆ ತರುವುದೇ ಇಲ್ಲ. ಅದು ದೂರ ಹೋಗಬೇಕಾದರೆ ಬಹುಮಟ್ಟಿಗೆ ಎಲ್ಲ ವೇಗವನ್ನೂ ಬ್ಯಾಟೇ ಕೊಡಬೇಕು.

ಹಾಗಾದರೆ ಬ್ಯಾಟು ಭಾರವಾದಷ್ಟೂ ಒಳ್ಳೆಯದಲ್ಲವೇ ಎಂದು ನೀವು ಕೇಳುವಿರಿ. ವಿಜ್ಞಾನದ ತರಗತಿಯಲ್ಲಿ ಓದಿದ ಸೂತ್ರವನ್ನು ನೆನೆಯಿರಿ: ಚಲಿಸುವ ವಸ್ತುವಿನ ತೂಕ ಇಮ್ಮಡಿಯಾದರೆ ಅದರ ಶಕ್ತಿ ಇಮ್ಮಡಿಯಾಗುತ್ತದೆ, ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿಯಾಗುತ್ತದೆ. ತೂಕಕ್ಕೂ ಬೆಲೆಯುಂಟು, ಆದರೆ ವೇಗವನ್ನು ತೆತ್ತು ಕೊಂಡ ತೂಕ ನಷ್ಟದ ವ್ಯಾಪಾರ. ಆ ಆಟದ ನಿಯಮ ಬ್ಯಾಟಿಗೆ ೩೮ ಔನ್ಸ್‌ವರೆಗೂ ತೂಕವನ್ನು ಒಪ್ಪುತ್ತದೆ. ಆದರೂ ಅಲ್ಲಿಯ ಬೆಳೆದ ಆಟಗಾರರಲ್ಲಿ ಹೆಚ್ಚಿನವರು ಬಳಸುವುದು ೨೫ರಿಂದ ೩೦ ಔನ್ಸ್, ಎಂದರೆ ಸುಮಾರು ೭೧೦ರಿಂದ ೮೫೦ ಗ್ರಾಂ ತೂಗುವ ಬ್ಯಾಟುಗಳನ್ನೇ. ಕ್ರಿಕೆಟ್ ಬ್ಯಾಟು ಒಂದು ಕಿಲೋಗ್ರಾಮಿಗೂ ಮಿಗಿಲಾಗಿರುವುದನ್ನು ಬಲ್ಲ ನಮ್ಮ ಹುಡುಗರಿಗೆ ಇದು ಆಟಿಕೆಯಂತೆ ತೋರೀತು!

ತೂಕಕ್ಕಿಂತಲೂ ಸೂಕ್ಷ್ಮವಾದ ಸಂಗತಿ, ಆ ತೂಕ ಎಲ್ಲಿ ಕುಳಿತಿದೆ ಎಂಬುದು. ಸುತ್ತಿಗೆಯನ್ನು ಹಿಡಿಯ ತುದಿಯಲ್ಲಿ ಹಿಡಿದು ಬೀಸಿ ನೋಡಿರಿ. ಅನಂತರ ತಲೆಯ ಸಮೀಪದಲ್ಲಿ ಹಿಡಿದು ಬೀಸಿರಿ. ತಕ್ಕಡಿಗೆ ಎರಡೂ ಒಂದೇ, ತೋಳಿಗೆ ಒಂದೇ ಅಲ್ಲ. ಬ್ಯಾಟುಗಳಲ್ಲಿಯೂ ಸಮತೂಕದವು, ತುದಿಭಾರದವು ಎಂಬ ಎರಡು ಬಗೆಗಳಿವೆ. ಮೈಯಲ್ಲಿ ಕಸುವುಳ್ಳ, ಬೀಸು ನಿಧಾನವಾದರೂ ದೃಢವಾಗಿರುವ, ಚೆಂಡನ್ನು ಬೇಲಿಯಾಚೆ ಕಳಿಸುವುದೇ ಗುರಿಯಾದವನಿಗೆ ತುದಿಭಾರದ ಬ್ಯಾಟು ನೆರವಾಗುತ್ತದೆ. ಕಾವಲುಗಾರರ ನಡುವಿನ ಸಂದನ್ನು ನೋಡಿ ನೆಲಮಟ್ಟದಲ್ಲಿ ನೇರವಾಗಿ ಹೊಡೆಯುವವನಿಗೆ, ಕೊನೆಯ ಗಳಿಗೆಯಲ್ಲಿ ದಿಕ್ಕು ಬದಲಿಸಬಲ್ಲವನಿಗೆ, ಸಮತೂಕದ್ದೇ ಲೇಸು. ನನ್ನನ್ನು ಕೇಳಿದರೆ ಶಾಲೆಯ ಮಕ್ಕಳೆಲ್ಲರೂ ಈ ಎರಡನೆಯದರಿಂದಲೇ ಕಲಿಯತಕ್ಕದ್ದು. ಜೋಳದ ಸುಗ್ಗಿಯಲ್ಲಿ ಹೊಲಕ್ಕಿಳಿಯುವ ಪಾಲಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪರರ ಕುಡುಗೋಲು ಎಷ್ಟು ಹರಿತವಾಗಿದ್ದರೂ ತಮ್ಮ ಕೈಗೆ ಒಗ್ಗಿದ್ದನ್ನೇ ಅವರು ಹುಡುಕುತ್ತಾರೆ.

ಬ್ಯಾಟು ಮರದ್ದೂ ಇರಬಹುದು, ಅಲ್ಯುಮಿನಿಯಮ್ಮಿನದೂ ಇರಬಹುದು, ಇಂಗಾಲದ ಎಳೆಗಳನ್ನು ಅಂಟಿನಲ್ಲಿ ಬೆಸೆದ ಮಿಶ್ರವಸ್ತುವಿನದೂ ಇರಬಹುದು. ಮಿಶ್ರವಸ್ತುವಿನದು ಬಳಸುತ್ತ ಹೋದಂತೆ ಹದಗೊಳ್ಳುತ್ತದೆ, ಆದರೆ ಬೆಲೆ ಹೆಚ್ಚು, ಚಳಿಯಲ್ಲಿ ಬಿರಿಯುವ ಭಯವೂ ಉಂಟು. ಕಲಿಯುವವರಿಗೆ ಅಲ್ಯುಮಿನಿಯಮ್ ಸಾಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಟೊಳ್ಳು ಬ್ಯಾಟಿನ ತೆಳ್ಳನೆಯ ಗೋಡೆಯು ಚೆಂಡು ತಾಗಿದಾಗ ಒಳಸರಿದು ಮತ್ತೆ ಪುಟಿಯುತ್ತದೆ. ಚೆಂಡು ಚಿಮ್ಮುವುದು ಅದರಿಂದ. ಈ ಗುಣ ಮಿತಿಮೀರಿದಾಗ ಅಪಾಯಕ್ಕೊಳಗಾಗುವವನು ಎದುರಿನಲ್ಲಿ ನಿಂತ ಎಸೆತಗಾರ. ಆದಕಾರಣ ಅಮೆರಿಕದ ಸಾಫ್ಟ್‌ಬಾಲ್ ಸಂಸ್ಥೆಯು ೨೦೦೪ರಲ್ಲಿ, ಪ್ರಯೋಗಾಲಯದ ಪರೀಕ್ಷೆಯಲ್ಲಿ ಬ್ಯಾಟಿನಿಂದ ಹೊರಡುವ ಚೆಂಡಿನ ವೇಗ ಗಂಟೆಗೆ ೯೮ ಮೈಲಿಯನ್ನು ಮೀರಬಾರದೆಂದು ಗೊತ್ತುಪಡಿಸಿತು. ಆ ವೇಗದ ಚೆಂಡು ಐವತ್ತು ಅಡಿಯನ್ನು ದಾಟಲು ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ಕಾಲ ಮಾತ್ರ ಸಾಕು. ಮಿತಿಯೊಳಗೇ ಇಷ್ಟು! ಹೀಗಿದ್ದೂ ಕೆಲವರು ಬ್ಯಾಟಿನ ಒಳಗೋಡೆಯನ್ನು ಕದ್ದು ಹೆರೆದು ಇನ್ನಷ್ಟು ತೆಳ್ಳಗೆ ಮಾಡುವುದುಂಟು. ಅದು ನಿಯಮಬಾಹಿರ ಮಾತ್ರವಲ್ಲ, ಜೊತೆಯ ಆಟಗಾರನ ಕಣ್ಣನ್ನು ಪಣಕ್ಕೊಡ್ಡುವ ಕೆಲಸ.

ಇನ್ನು ನಮ್ಮ ಮೈದಾನಕ್ಕೆ ಬರೋಣ. ವೇಗದ ಎಸೆತದಲ್ಲಿ ಚೆಂಡು ಕೈಬಿಟ್ಟು ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ ಬಂದೆರಗುತ್ತದೆ. ನೋಡಿ, ನಿಶ್ಚಯಿಸಿ, ಬೀಸಲು ಅಷ್ಟೇ ಕಾಲ. ಆದುದರಿಂದ ಹಗುರಾದ, ಬೇಗ ತಿರುಗುವ ಬ್ಯಾಟು ಇಲ್ಲಿ ಇನ್ನೂ ಅವಶ್ಯ. ಪರದೇಶದಲ್ಲಿರುವ ಬಂಧುಗಳು ಪ್ರೀತಿಯಿಂದ ಬ್ಯಾಟು ತಂದುಕೊಟ್ಟರೆ, ಅದು ಯಾವ ಆಟಕ್ಕೆ ಮಾಡಿದುದೆಂದು ಮೊದಲು ಓದಿಕೊಳ್ಳಿರಿ. ಎರಡೂ ಆಟಗಳಲ್ಲಿ ಬ್ಯಾಟಿನ ಉದ್ದ ೩೪ ಅಂಗುಲವನ್ನೂ ದಪ್ಪ ಎರಡೂಕಾಲು ಅಂಗುಲವನ್ನೂ ಮೀರುವಂತಿಲ್ಲವಾದುದರಿಂದ ಹೊರನೋಟಕ್ಕೆ ಭೇದ ತಿಳಿಯದು. ಆದರೆ ನಿಧಾನದ ಚೆಂಡಿಗೆಂದು ಮಾಡಿದ ಬ್ಯಾಟು ವೇಗದ ಚೆಂಡಿನ ಪೆಟ್ಟಿಗೆ ಸೀಳಬಹುದು.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ ಸುಲಭವಾದುದು. ಮಗು ಬ್ಯಾಟಿನ ಹಿಡಿಯನ್ನು ಒಂದೇ ಕೈಯಲ್ಲಿ ಹಿಡಿದು, ತೋಳನ್ನು ಪಕ್ಕಕ್ಕೆ ನೀಟಾಗಿ ಚಾಚಿ ಇಪ್ಪತ್ತು ಎಣಿಸುವವರೆಗೆ ನಿಲ್ಲಲಿ. ತುದಿ ನಡುಗಿ ಕೆಳಗಿಳಿದರೆ ಆ ಬ್ಯಾಟು ಭಾರ. ಇಳಿಯದಿದ್ದರೆ, ಬಯಲಿಗೆ ಬಂದು ಹತ್ತು ಬಾರಿ ಬೀಸಲಿ. ಹತ್ತನೆಯ ಬೀಸು ಮೊದಲನೆಯದರಂತೆಯೇ ಇದೆಯೇ ಎಂಬುದನ್ನು ತಂದೆತಾಯಿಗಳು ಪಕ್ಕದಲ್ಲಿ ನಿಂತು ನೋಡಲಿ. ಅಂಗಡಿಯವನು ಬೇಸರಪಟ್ಟರೆ ಪಡಲಿ.

ಕೊನೆಯದಾಗಿ ಸಂಘದ ಹಿರಿಯರಲ್ಲಿ ಒಂದು ಬಿನ್ನಹ. ಪ್ರತಿಯೊಂದು ಮನೆಯೂ ಬ್ಯಾಟು ಕೊಳ್ಳಲೇಬೇಕೆಂಬುದಿಲ್ಲ. ಬೇರೆ ಬೇರೆ ತೂಕದ ನಾಲ್ಕು ಬ್ಯಾಟುಗಳನ್ನು ಶಾಲೆಯೇ ತಂದಿರಿಸಿ, ಯಾವ ಮಗುವಿಗೆ ಯಾವುದು ಒಪ್ಪಿತೆಂಬುದನ್ನು ಒಂದು ವಹಿಯಲ್ಲಿ ಬರೆದಿಡುವುದಾದರೆ, ಕೊಳ್ಳಬಲ್ಲವರು ಆ ವಹಿಯನ್ನು ನೋಡಿ ಕೊಳ್ಳುವರು, ಕೊಳ್ಳಲಾರದವರ ಮಕ್ಕಳೂ ಆಡುವರು. ಮಕ್ಕಳು ಬೆಳೆಯುವುದರಿಂದ ಆ ವಹಿಯನ್ನು ವರ್ಷಕ್ಕೊಮ್ಮೆ, ಶಾಲೆ ತೆರೆದೊಡನೆ, ಹೊಸದಾಗಿ ಬರೆಯಬೇಕಾಗುತ್ತದೆ.