ಪಕ್ಕೆಲುಬಿನ ಬುದ್ಧ
(ವಿದ್ಯಾರ್ಥಿ ಶಿಬಿರದಲ್ಲಿ ಆಡಿದ ಮಾತುಗಳು)



ನಮ್ಮ ಹಾಸ್ಟೆಲು ಕೋಣೆಗಳಲ್ಲಿ ಬಾಬಾಸಾಹೇಬರ ಪಟದ ಪಕ್ಕ ಒಬ್ಬ ಬುದ್ಧ ಇರ್ತಾನೆ. ಕಣ್ಣು ಅರ್ಧ ಮುಚ್ಚಿ, ಮೈಕೈ ತುಂಬಿಕೊಂಡು, ಸಣ್ಣಗೆ ನಗ್ತಾ ಕೂತಿರ್ತಾನೆ. ಇವತ್ತು ನಾವು ಹೇಳಬೇಕೆಂದಿರೋದು ಇನ್ನೊಬ್ಬನ ವಿಷಯ. ಅವನು ಲಾಹೋರಿನ ಮ್ಯೂಸಿಯಮ್ಮಿನಲ್ಲಿದ್ದಾನೆ. ಇನ್ನೂ ಬುದ್ಧನಾಗದ, ಉಪವಾಸ ಕೂತ ಸಿದ್ಧಾರ್ಥ. ಕಣ್ಣು ಗುಳಿ ಬಿದ್ದಿವೆ, ಹೊಟ್ಟೆ ಬೆನ್ನಿಗೆ ಅಂಟಿದೆ. ಪಕ್ಕೆಲುಬುಗಳನ್ನ ಒಂದೊಂದಾಗಿ ಎಣಿಸಬಹುದು. ಅದರ ಮೇಲೆ ನರಗಳು ಬೇರಿನ ಹಾಗೆ ಹರಡಿವೆ. ನಾವು ಕಂಡಿರೋದು ಫೋಟೋ ಮಾತ್ರ. ಆದರೂ ನೋಡಿದ ಕೂಡಲೇ ಗುರುತು ಸಿಕ್ತು. ಇಂಥ ಮೈಗಳನ್ನ ನಮ್ಮ ಕೇರೀಲಿ ನೋಡಿಕೊಂಡೇ ಬೆಳೆದವರು ನಾವು.

ಇದು ಗಾಂಧಾರದ ಶಿಲ್ಪ. ಪೇಶಾವರ, ಸ್ವಾತ್, ತಕ್ಷಶಿಲೆಯ ಸೀಮೆ, ಇವತ್ತಿನ ಪಾಕಿಸ್ತಾನ. ಕ್ರಿ.ಪೂ. 327ರಲ್ಲಿ ಅಲೆಕ್ಸಾಂಡರ್ ಆ ಕಡೆ ಬಂದ. ಆಮೇಲೆ ಗ್ರೀಕ್ ರಾಜರು ಆಳಿದರು, ನಾಗಸೇನನನ್ನು ಪ್ರಶ್ನೆ ಕೇಳಿದ ಮಿಲಿಂದ ಅವರಲ್ಲೊಬ್ಬ. ಆಮೇಲೆ ಶಕರು, ಕುಷಾಣರು.

ಅಲ್ಲಿಯವರೆಗೆ ಬುದ್ಧನಿಗೆ ಮನುಷ್ಯರೂಪ ಕೊಡೋ ರೂಢಿ ಇರಲಿಲ್ಲ. ಸಾಂಚಿ, ಭಾರ್ಹುತ್‌ಗಳಲ್ಲಿ ಖಾಲಿ ಪೀಠ, ಬೋಧಿವೃಕ್ಷ, ಚಕ್ರ, ಹೆಜ್ಜೆ ಗುರುತು, ಇಷ್ಟೇ. ನಮ್ಮ ಚಿತ್ತಾಪುರ ತಾಲ್ಲೂಕಿನ ಕನಗನಹಳ್ಳಿಯಲ್ಲೂ ಬುದ್ಧನ ಪಾದಗಳು ಕಲ್ಲಿನಲ್ಲಿ ಸಿಕ್ಕಿವೆ. ಆ ಖಾಲಿ ಜಾಗದಲ್ಲಿ ಗಾಂಧಾರದ ಕಲ್ಲುಕುಟಿಗರು ಬೂದುಗಲ್ಲು ಕಡಿದು ಒಬ್ಬ ಮನುಷ್ಯನನ್ನ ತಂದು ಕೂರಿಸಿದರು. ಅಲೆಯಲೆ ಕೂದಲು, ನೀಟಾದ ಮೂಗು, ಎರಡು ಹೆಗಲನ್ನೂ ಮುಚ್ಚಿ ಮಡಿಕೆ ಮಡಿಕೆಯಾಗಿ ಇಳಿಯೋ ಹೊದಿಕೆ ಗ್ರೀಕರ ಕಡೆಯವು. ಚಕ್ಕಳಮಕ್ಕಳ, ಇಳಿಬಿದ್ದ ಕಿವಿ, ಕೈಯ ಮುದ್ರೆ ಈ ಕಡೆಯವು. ಪಕ್ಕದಲ್ಲಿ ನಿಲ್ಲೋ ವಜ್ರಪಾಣಿಯಂತೂ ಎಷ್ಟೋ ಕಡೆ ಥೇಟ್ ಗ್ರೀಕರ ಹೆರಾಕ್ಲಿಸ್.

ಬುದ್ಧಮೂರ್ತಿ ಗ್ರೀಕರಿಂದ ಹುಟ್ಟಿತು ಅಂದವರು ಫ್ರಾನ್ಸಿನ ಫೂಷೆ. ಇಲ್ಲ, ಇಲ್ಲಿಯದೇ ಅಂತ ಆನಂದ ಕುಮಾರಸ್ವಾಮಿ 1927ರಲ್ಲಿ ಬರೆದರು. ಪಂಡಿತರ ಜಗಳ, ಇರಲಿ. ಅದೇ 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಬಾಬಾಸಾಹೇಬರ ಮುಂದಾಳತ್ವದಲ್ಲಿ ಮನುಸ್ಮೃತಿಗೆ ಬೆಂಕಿ ಬಿತ್ತು. ಆ ಮನುವಿನ ಹತ್ತನೇ ಅಧ್ಯಾಯದಲ್ಲಿ, ಬ್ರಾಹ್ಮಣರನ್ನ ಕಾಣದೆ ಶೂದ್ರತ್ವಕ್ಕೆ ಇಳಿದವರು ಅಂತ ಒಂದು ಪಟ್ಟಿ ಇದೆ. ಯವನರು ಅಂದರೆ ಗ್ರೀಕರು, ಶಕರು, ಅವರ ಜೊತೆಗೇ ದ್ರಾವಿಡರು! ಮನು ಕೆಳಗೆ ತಳ್ಳಿದವರು ಬೌದ್ಧರಲ್ಲಿಗೆ ಬಂದಾಗ ಏನಾಯ್ತು? ಕಾರ್ಲೆಯ ಗುಹೆಗೆ ಹೋಗಿ ನೋಡಿ, ಕಂಬ ಮಾಡಿಸಿಕೊಟ್ಟ ಯವನರ ಹೆಸರು ಕಂಬದ ಮೇಲೇ ಕೆತ್ತಿದೆ.

ನಮ್ಮ ಉಪವಾಸದ ಮೂರ್ತಿ ಕಡಿದವನ ಹೆಸರು ಮಾತ್ರ ಸಿಗಲ್ಲ. ಗ್ರೀಕರು ಆ ವಿದ್ಯೆಯನ್ನ ಹೆಚ್ಚಾಗಿ ಉಂಡು ಬೆಳೆದ ಮೈಗಳಿಗೆ, ದೇವರಿಗೆ, ಜಟ್ಟಿಗಳಿಗೆ ಬಳಸಿದರು. ಇವನು ಹಸಿವಿಗೆ ಬಳಸಿದ. ಹಸಿದ ಮೈಯನ್ನ ಹತ್ತಿರದಿಂದ ಕಂಡವನೇ ಇರಬೇಕು ಅಂತ ನಮ್ಮ ಊಹೆ.

ಈ ಮೂರ್ತಿ ನೋಡಿ "ಆಹಾ, ಎಂಥ ತಪಸ್ಸು!" ಅಂತ ಕೈ ಮುಗಿಯೋರಿದ್ದಾರೆ. ಕಥೆ ಅಲ್ಲಿಗೇ ನಿಲ್ಲಲ್ಲ ಕಣ್ರಯ್ಯಾ. ಆರು ವರ್ಷ ಮೈ ದಂಡಿಸಿ, ಇದರಿಂದ ಏನೂ ಸಿಗಲ್ಲ ಅಂತ ತಿಳಿದು ಅವನು ಎದ್ದ. ಸುಜಾತೆ ಕೊಟ್ಟ ಪಾಯಸ ಉಂಡ. ಜೊತೆಗಿದ್ದ ಐವರು, ಇವನು ಕೆಟ್ಟ ಅಂತ ಬಿಟ್ಟು ಹೋದರು. ಅವನು ಬುದ್ಧನಾಗಿದ್ದು ಉಂಡ ಮೇಲೆ.

ಮೆಸ್ಸಿನ ಅನ್ನದಲ್ಲಿ ಹುಳ ಇದೆ ಅಂತ ನಾವು ತಟ್ಟೆ ಹಿಡಿದು ನಿಂತಾಗ, "ಓದೋ ಹುಡುಗ್ರು ಹೊಟ್ಟೆ ಕಟ್ಟಬೇಕು" ಅಂದ ಸಾಹೇಬರಿಗೆ ಸುಜಾತೆಯ ಕಥೆ ಹೇಳಬೇಕಿತ್ತು. ಆವತ್ತು ನಮಗೆ ಗೊತ್ತಿರಲಿಲ್ಲ.

ಫೋಟೋ ಈಗ ಕೈಯಿಂದ ಕೈಗೆ ಬರುತ್ತೆ. ನೋಡಿ ವಾಪಸ್ ಕೊಡಿ, ಇರೋದು ಒಂದೇ ಪ್ರತಿ.

ಜೈಭೀಮ್.